ಗೋಲಿನಲ್ಲಿ ಅದೇ ಸಲಾಪು
ರಾತ್ರಿಯಿಂದ ಪೆಸಿಫಿಕ್‌ನ ಪುಟ್ಟ ದ್ವೀಪ ಅಮೆರಿಕನ್ ಸಮೋವಾದ ಫುಟ್‌ಬಾಲ್ ಗೋಲ್‌ಕೀಪರ್ ನಿಕಿ ಸಲಾಪು ನನ್ನ ತಲೆಯಲ್ಲೇ ಕೂತಿದ್ದಾರೆ. 2001ರ ಏಪ್ರಿಲ್, ವಿಶ್ವಕಪ್ ಅರ್ಹತಾ ಪಂದ್ಯ. ಆಸ್ಟ್ರೇಲಿಯಾ 31, ಇವರ ತಂಡ 0. ಆರ್ಚಿ ಥಾಂಪ್ಸನ್ ಒಬ್ಬರೇ 13 ಗೋಲು ಹೊಡೆದರು. ಪಾಸ್‌ಪೋರ್ಟ್ ತೊಂದರೆಯಿಂದ ಮುಖ್ಯ ತಂಡದಲ್ಲಿ ಉಳಿದದ್ದು ಸಲಾಪು ಮಾತ್ರ. ಜೊತೆಗಿದ್ದವರಲ್ಲಿ 15 ವರ್ಷದ ಹುಡುಗರೂ ಇದ್ದರು, ಪಾಪ.

ಒಂದೇ ಪಂದ್ಯದಲ್ಲಿ 31 ಸಲ ಬಲೆಯೊಳಗೆ ಚೆಂಡು ನೋಡೋದು ಸುಮ್ನೆ ಮಾತಲ್ಲ. ಬೇರೆ ಯಾರಾದರೂ ಆಗಿದ್ದರೆ ಗ್ಲೌಸ್ ಬಿಚ್ಚಿಟ್ಟು ಮನೆಗೆ ಹೋಗುತ್ತಿದ್ದರು ಅಲ್ವಾ? ಇವರು ಹೋಗಲಿಲ್ಲ.

2011ರ ನವೆಂಬರ್, ಪಕ್ಕದ ಸಮೋವಾದ ಆಪಿಯಾ. ಟೋಂಗಾ ವಿರುದ್ಧ 2-1. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಲೆಕ್ಕದಲ್ಲಿ ಅಮೆರಿಕನ್ ಸಮೋವಾದ ಮೊದಲ ಗೆಲುವು. ಟೋಂಗಾ 88ನೇ ನಿಮಿಷದಲ್ಲಿ ಒಂದು ಗೋಲು ಹೊಡೆದಿತ್ತು. ಉಳಿದ ಆ ನಾಲ್ಕಾರು ನಿಮಿಷ ಗೋಲಿನಲ್ಲಿ ನಿಂತಿದ್ದದ್ದು ಅದೇ ಸಲಾಪು.