ಕಿಲಿಮಂಜಾರೋ: ದೇಣಿಗೆಗಾಗಿ ಹತ್ತುವವರು ಮೊದಲು ಪ್ಯಾಕೇಜಿನ ಲೆಕ್ಕ ಕೇಳಿ

ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸಲು ಟಾಂಜಾನಿಯಾದ ಕಿಲಿಮಂಜಾರೋ ಬೆಟ್ಟ ಹತ್ತುವ ಯೋಚನೆ ಇದೆಯೇ? ಶೂ, ಜಾಕೆಟ್ ಹುಡುಕುವ ಮೊದಲು ಪ್ಯಾಕೇಜಿನ ದರವನ್ನು ಬಿಡಿಸಿ ನೋಡಿ. ನಾವು ಹೋಗಿದ್ದು ನಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ದುರಸ್ತಿಗೆ ಹಣ ಎತ್ತಲು. ಆ ಬೆಟ್ಟದಲ್ಲಿ ನಮ್ಮ ಹೊರೆ ಹೊತ್ತವರ ಪಾಡು ನೋಡಿ ಬಂದಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ನಾವು ಹೋದಾಗ ಅಲ್ಲಿನ ರಾಷ್ಟ್ರೀಯ ಉದ್ಯಾನದ ಶುಲ್ಕ ತಲೆಗೆ ದಿನಕ್ಕೆ 70 ಡಾಲರ್, ಟೆಂಟ್ ಹಾಕಲು ರಾತ್ರಿಗೆ 50, ರಕ್ಷಣಾ ಶುಲ್ಕ ಒಟ್ಟಿಗೆ ಒಂದು ಸಲ 20, ಇವುಗಳ ಮೇಲೆ ಶೇ. 18 ತೆರಿಗೆ. ಏಳು ದಿನದ ಮಚಾಮೆ ದಾರಿಗೆ ಇಷ್ಟೇ 950 ಡಾಲರ್ ದಾಟಿತ್ತು. 1,300 ಡಾಲರಿಗೆ ಎಲ್ಲಾ ಸೇರಿಸಿ ಕರೆದೊಯ್ಯುತ್ತೇನೆ ಅನ್ನುವವನು ಉಳಿದ 350ರಲ್ಲಿ ಊಟ, ಟೆಂಟು, ಗೈಡ್, ಅಡುಗೆಯವರು, ಪೋರ್ಟರ್‌ಗಳು ಎಲ್ಲವನ್ನೂ ತೂಗಿಸಬೇಕು. ಕೊನೆಗೆ ಕತ್ತರಿ ಬೀಳುವುದು ಪೋರ್ಟರ್‌ಗಳ ಕೂಲಿಗೆ.

ನಮ್ಮಿಂದ ಒಳ್ಳೆಯ ದರವನ್ನೇ ವಸೂಲಿ ಮಾಡಿದ್ದ ಮಧ್ಯವರ್ತಿಯೊಬ್ಬರು, ಅಲ್ಲಿ ನಮ್ಮನ್ನು ಒಪ್ಪಿಸಿದ್ದು ಇಂಥ ಅಗ್ಗದ ಕಂಪನಿಯೊಂದಕ್ಕೆ. ಒಬ್ಬ ಪೋರ್ಟರ್ 20 ಕಿಲೋಗಿಂತ ಹೆಚ್ಚು ಹೊರುವಂತಿಲ್ಲ, ಗೇಟಿನಲ್ಲಿ ತೂಕ ಹಾಕಿಯೇ ಬಿಡುತ್ತಾರೆ. ನಮ್ಮ ತಂಡದಲ್ಲಿ ತೂಕವಾದ ಮೇಲೆ ಇಬ್ಬರನ್ನು ಹಿಂದಕ್ಕೆ ಕಳಿಸಿ, ಅವರ ಹೊರೆಯನ್ನು ಉಳಿದವರ ತಲೆಗೆ ಹಂಚಿದರು. ಶಿರಾ ಕ್ಯಾಂಪಿನಲ್ಲಿ ರಾತ್ರಿ ನೀರಿಗೆಂದು ಊಟದ ಟೆಂಟಿಗೆ ಹೋದರೆ, ಹುಡುಗರು ಬರೀ ನೆಲದ ಮೇಲೆ, ಒಂದೊಂದು ಕಂಬಳಿಯಲ್ಲಿ ಇಬ್ಬಿಬ್ಬರು ಮುದುಡಿಕೊಂಡಿದ್ದರು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಹಗಲಲ್ಲಿ ಅವರಿಗೆ ಸಿಗುತ್ತಿದ್ದುದು ಒಂದೇ ಹೊತ್ತಿನ ಊಟ, ಮೆಕ್ಕೆಜೋಳದ ಹಿಟ್ಟಿನ, ಮುದ್ದೆಯಂಥ ಉಗಾಲಿ. ಬಡ ಮಕ್ಕಳ ಹೆಸರು ಹೇಳಿ ಬೆಟ್ಟ ಹತ್ತುವವರು ಇದನ್ನು ನೋಡಿ ಸುಮ್ಮನಿರಬಾರದು.

ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇದೆ. ಕೂಲಿ, ಊಟ, ಮಲಗುವ ವ್ಯವಸ್ಥೆ ಸರಿಯಾಗಿ ಕೊಡುವ ಕಂಪನಿಗಳ ಪಟ್ಟಿ ಅವರಲ್ಲಿದೆ. ಅದರಿಂದಲೇ ಆರಿಸಿ, ನೇರವಾಗಿ ಮಾತಾಡಿ, ಮಧ್ಯವರ್ತಿ ಬೇಡ.

ದೇಣಿಗೆಯ ವಿಚಾರ. ಪ್ರಯಾಣದ ಖರ್ಚು ನಿಮ್ಮ ಜೇಬಿನದೇ ಆಗಿರಲಿ, ಕೊಟ್ಟವರ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು. ದುಡ್ಡು ನಿಮ್ಮ ಫೋನ್‌ಪೇಗೆ ಬರುವುದು ಬೇಡ, ಯಾವ ಟ್ರಸ್ಟಿಗಾಗಿ ಎತ್ತುತ್ತೀರೋ ಅದರ ಖಾತೆಗೇ ಹೋಗಲಿ. ಆದಾಯ ತೆರಿಗೆ ವಿನಾಯಿತಿಗೆಂದು ರಸೀದಿ ಕೇಳುವವರಿಗೆ, 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ ಎಂದು ಮೊದಲೇ ಹೇಳಿ. ಅಮೆರಿಕದ ಪೌರತ್ವ ಪಡೆದ ನೆಂಟರಿಂದ ಹಣ ತೆಗೆದುಕೊಳ್ಳಬೇಕಾದರೆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು.

ಇನ್ನು ಹತ್ತುವ ಮಾತು. ನಮ್ಮ ರಾಜ್ಯದ ಅತಿ ಎತ್ತರ ಮುಳ್ಳಯ್ಯನಗಿರಿ, 1,930 ಮೀಟರ್. ಮಚಾಮೆ ಗೇಟು ಇರುವುದೇ ಸುಮಾರು 1,800ರಲ್ಲಿ. ಕುಮಾರಪರ್ವತ ಹತ್ತಿದರೆ ಕಾಲಿಗೆ ಅಭ್ಯಾಸವಾಗುತ್ತದೆ, ಶ್ವಾಸಕೋಶಕ್ಕೆ ಅಷ್ಟು ಸಾಲದು. ಐದು ದಿನದ ಪ್ಯಾಕೇಜನ್ನು ಯಾರು ಎಷ್ಟು ಹೊಗಳಿದರೂ ಒಪ್ಪಬೇಡಿ. ಮಚಾಮೆಯಲ್ಲಿ ಸುಮಾರು 4,600 ಮೀಟರಿನ ಲಾವಾ ಟವರ್ ತನಕ ಹತ್ತಿಸಿ, ಮಲಗಲು 4,000ಕ್ಕಿಂತ ಕೆಳಗಿನ ಬರಾಂಕೋಗೆ ಇಳಿಸುತ್ತಾರೆ. ತೆಳು ಗಾಳಿಗೆ ಮೈ ಒಗ್ಗುವುದು ಹಾಗೆ, ಅದಕ್ಕೆ ದಿನ ಬೇಕು. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ನನಗೆ ಜನಜಂಗುಳಿ ಆಗುವುದಿಲ್ಲ, ಬರಾಂಕೋ ಗೋಡೆ ಎಂಬ ಕಡಿದಾದ ಬಂಡೆಯ ಏರಿನ ಸರತಿಯಲ್ಲಿ ನಿಂತು ಬೇಸತ್ತೆ. ನನ್ನಂಥವರಿಗೆ ಮೊದಲ ದಿನಗಳಲ್ಲಾದರೂ ಜನ ಕಡಿಮೆ ಇರುವ ಎಂಟು ದಿನದ ಲೆಮೊಶೊ ದಾರಿ ವಾಸಿ, ಆದರೆ ಅದೂ ಈ ಗೋಡೆಯನ್ನೇ ಹತ್ತುತ್ತದೆ. ಗೋಡೆಯಲ್ಲಿ ಪೋರ್ಟರ್ ಬಂದರೆ ಬಂಡೆಯ ಕಡೆಗೆ ಒತ್ತಿ ನಿಂತು ದಾರಿ ಬಿಡಿ. ಶಿಖರದ ರಾತ್ರಿ ಬೆನ್ನುಚೀಲದ ನೀರಿನ ಪೈಪು ಹೆಪ್ಪುಗಟ್ಟುತ್ತದೆ, ಬಾಯಿ ಕಟ್ಟಿಕೊಳ್ಳದಂತೆ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ. 5,895 ಮೀಟರಿನ ಉಹುರು ಶಿಖರದಲ್ಲಿ ನಿಂತಾಗ ನನಗೆ ಅಳುವೇ ಬಂತು.

ಇಳಿದ ಮೇಲೆ ಹೋಟೆಲಿನ ದುಬಾರಿ ಬಫೆಗೆ ಹೋಗಬೇಡಿ. ಮೋಶಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಗಡಿನ ಚಾವಣಿಯ ಒಂದು ಪುಟ್ಟ ಅಂಗಡಿ, ನಡೆಸುವುದು ವಯಸ್ಸಾದ ಹೆಂಗಸು. ನಮ್ಮ ಪರೋಟದ ಹಾಗೆ ಪದರ ಪದರವಾದ ಚಪಾತಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಮಹರಾಗೆ, ದಂಟಿನ ಸೊಪ್ಪಿನ ಪಲ್ಯ, ಶುಂಠಿ ಹಾಕಿದ ಹಾಲಿನ ಚಹಾ. "ಬಿಲಾ ನ್ಯಾಮಾ" ಎಂದರೆ ಸಾಕು, ಮಾಂಸ ಬಡಿಸುವುದಿಲ್ಲ. ಕೇಳದೆಯೇ ಇನ್ನೊಂದು ಸೌಟು ಸುರಿಯುತ್ತಾರೆ. ದಿನಗಟ್ಟಲೆ ಪುಡಿ ಸೂಪು ಕುಡಿದ ನಾಲಿಗೆಗೆ ಅದು ಹಬ್ಬದೂಟ. ನಮ್ಮ ಹೊರೆ ಹೊತ್ತ ಹುಡುಗರನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು.

ಟಿಪ್ಸ್ ಹಣವನ್ನು ಬೆಟ್ಟ ಹತ್ತುವ ಮೊದಲೇ ತೆಗೆದಿಡಿ. ಇಡೀ ತಂಡದಿಂದ ಒಬ್ಬೊಬ್ಬ ಪೋರ್ಟರ್‌ಗೆ ದಿನಕ್ಕೆ 8ರಿಂದ 10 ಡಾಲರ್, ಚಿಲ್ಲರೆ ನೋಟುಗಳಲ್ಲಿ. ಹಳೆಯ, ಹರಿದ ಡಾಲರ್ ಅಲ್ಲಿ ಓಡುವುದಿಲ್ಲ. ಮುಖ್ಯ ಗೈಡ್ ಕೈಗೆ ಒಟ್ಟಾಗಿ ಕೊಡದೆ, ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರ ಮೊತ್ತ ಗಟ್ಟಿಯಾಗಿ ಹೇಳಿ ಅವರವರ ಕೈಗೇ ಕೊಡಿ.