ಚಾರುಮತಿ ಕನಸನ್ನು ಬಚ್ಚಿಡಲಿಲ್ಲ

ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಮನೆಯಲ್ಲಿ ಕಥೆ ಓದುವುದು ನನ್ನ ಕೆಲಸ. ಆರನೇ ಕ್ಲಾಸಿನಲ್ಲಿ ಶುರುವಾದದ್ದು. ಅಮ್ಮನ ಕೈಯಲ್ಲಿ ಅಕ್ಷತೆ, ಕಣ್ಣು ದೇವಿಯ ಮೇಲೆ, ಪುಸ್ತಕ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಇಷ್ಟು ವರ್ಷ ಓದಿದ್ದೇನೆ. ಆದರೂ ಕಥೆಯ ಒಂದು ಜಾಗದಲ್ಲಿ ನಾಲಿಗೆ ತಡೆದು ನಿಂತದ್ದು ಎರಡು ವರ್ಷದ ಹಿಂದೆ ಮಾತ್ರ.

ಕಥೆ ಬಹಳ ಜನರಿಗೆ ಗೊತ್ತಿರುವುದೇ. ಹೆಂಗಸರಿಗೆ ಸಕಲ ಸೌಭಾಗ್ಯ ಕೊಡುವ ವ್ರತ ಯಾವುದು ಅಂತ ಕೈಲಾಸದಲ್ಲಿ ಪಾರ್ವತಿ ಕೇಳುತ್ತಾಳೆ. ಶಿವ ಚಾರುಮತಿಯ ಕಥೆ ಹೇಳುತ್ತಾನೆ. ಮಗಧ ದೇಶದ ಕುಂಡಿನ ಪಟ್ಟಣದ ಹೆಣ್ಣುಮಗಳು. ಬೆಳಗ್ಗೆ ಬೇಗ ಎದ್ದು ಗಂಡ, ಅತ್ತೆ, ಮಾವನ ಸೇವೆ ಮಾಡುವವಳು. ಮೆದು ಮಾತಿನವಳು. ಒಂದು ರಾತ್ರಿ ಅವಳ ಕನಸಿಗೆ ವರಮಹಾಲಕ್ಷ್ಮಿ ಬರುತ್ತಾಳೆ. ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ನನ್ನನ್ನು ಪೂಜಿಸು, ಕೇಳಿದ್ದು ಕೊಡುತ್ತೇನೆ ಅನ್ನುತ್ತಾಳೆ.

ಇಲ್ಲಿಯವರೆಗೆ ಬಂದದ್ದೆಲ್ಲ ಚಾರುಮತಿ ಒಬ್ಬಳಿಗೆ. ಕನಸು ಅವಳದು. ದೇವಿ ಬಂದದ್ದು ಅವಳ ಬಳಿಗೆ. ಊರಿನ ಹೆಂಗಸರಿಗೆಲ್ಲ ಹೇಳು ಅಂತ ನಾನು ಓದುವ ಪುಸ್ತಕದಲ್ಲಿ ದೇವಿ ಎಲ್ಲೂ ಹೇಳುವುದಿಲ್ಲ. ಸುಮ್ನೆ ಮನೆಯಲ್ಲೇ ಪೂಜೆ ಮಾಡಿಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಚಾರುಮತಿ ಎದ್ದ ತಕ್ಷಣ ಗಂಡನಿಗೆ ಹೇಳುತ್ತಾಳೆ, ಅತ್ತೆ ಮಾವನಿಗೆ ಹೇಳುತ್ತಾಳೆ. ಊರಿನ ಹೆಂಗಸರಿಗೂ ತಿಳಿಯುತ್ತದೆ. ಎಲ್ಲರೂ ಶ್ರಾವಣ ಯಾವಾಗ ಬರುತ್ತದೋ ಅಂತ ಕಾಯುತ್ತಾರೆ. ಆ ಶುಕ್ರವಾರ ಸ್ನಾನ ಮಾಡಿ ಅವಳ ಮನೆಯಲ್ಲೇ ಸೇರುತ್ತಾರೆ. ನೆಲ ಸಾರಿಸಿ, ಅಕ್ಕಿಯ ಮೇಲೆ ಕಲಶ ಇಟ್ಟು ಪೂಜೆ ಮಾಡುತ್ತಾರೆ. ಒಂಬತ್ತು ಎಳೆ, ಒಂಬತ್ತು ಗಂಟಿನ ದಾರವನ್ನು ಬಲಗೈಗೆ ಕಟ್ಟಿಕೊಳ್ಳುತ್ತಾರೆ.

ಪ್ರದಕ್ಷಿಣೆಯ ಭಾಗ ಮಕ್ಕಳಿಗೆ ತುಂಬಾ ಇಷ್ಟ. ಮೊದಲನೇ ಸುತ್ತಿಗೆ ಕಾಲಲ್ಲಿ ಗೆಜ್ಜೆ ಘಲ್ ಅನ್ನುತ್ತದೆ. ಎರಡನೇ ಸುತ್ತಿಗೆ ಕೈತುಂಬ ನವರತ್ನದ ಬಳೆ. ಮೂರನೇ ಸುತ್ತಿಗೆ ಮೈತುಂಬ ಒಡವೆ. ನಾನೂ ಚಿಕ್ಕವಳಿದ್ದಾಗ ಕಥೆ ಮುಗಿದ ಮೇಲೆ ಕಲಶದ ಸುತ್ತ ಮೂರು ಸುತ್ತು ಹಾಕಿ ಕಾಲು ನೋಡಿಕೊಳ್ಳುತ್ತಿದ್ದೆ. ಆಗ ಗಮನಿಸದೆ ಹೋದದ್ದು ಒಂದಿದೆ. ಒಡವೆ ಬಂದದ್ದು ಅಲ್ಲಿದ್ದ ಎಲ್ಲರ ಮೈಗೂ. ಕನಸು ಕಂಡವಳಿಗೆ ಒಂದು ಬಳೆ ಜಾಸ್ತಿ ಸಿಕ್ಕಿತು ಅಂತ ಕಥೆಯಲ್ಲಿಲ್ಲ. ಎಲ್ಲರನ್ನೂ ಕರೆದುಕೊಂಡು ಹೋಗಲು ಆನೆ, ಕುದುರೆ, ರಥ ಬರುತ್ತವೆ. ದಾರಿಯುದ್ದಕ್ಕೂ ಆ ಹೆಂಗಸರು ಮಾತಾಡಿಕೊಳ್ಳುತ್ತಾರೆ: ಚಾರುಮತಿ ಎಂಥ ಭಾಗ್ಯವಂತೆ, ಅವಳಿಂದ ನಮಗೂ ಭಾಗ್ಯ ಬಂತು.

ಭಾಗ್ಯ ಅನ್ನುವ ಮಾತು ಹುಟ್ಟಿದ್ದು ಭಾಗದಿಂದ. ಪಾಲು. ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಪಾಲು ಅಂದರೆ ಇನ್ನೊಬ್ಬರ ಪಾಲೂ ಪಕ್ಕದಲ್ಲಿ ಇದೆ ಅಂತಲೇ ಅಲ್ವಾ?

ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ವರ್ಷದ ಹಬ್ಬ ನನಗೆ ಚೆನ್ನಾಗಿ ನೆನಪಿದೆ. ಅಮ್ಮನ ಬಳೆ, ಸರ ಎರಡೂ ಗಿರವಿಗೆ ಹೋಗಿದ್ದವು. ದೇವಿಯ ಬೆಳ್ಳಿ ಮುಖವೂ ಹೋಗಿತ್ತು. ಬೆಳ್ಳಿ ಮುಖ ಹೋಯಿತು ಅಂತ ಅಮ್ಮ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹಬ್ಬದ ಹಿಂದಿನ ರಾತ್ರಿ ಅರಿಶಿನವನ್ನು ಗಟ್ಟಿಯಾಗಿ ಕಲಸಿ ತೆಂಗಿನಕಾಯಿಗೆ ಮೆತ್ತಿದಳು. ಮೂಗು ತಿದ್ದಿದಳು. ಕಾಡಿಗೆಯಲ್ಲಿ ಕಣ್ಣು ಬರೆದಳು. ಒಂದು ಕಣ್ಣು ಸ್ವಲ್ಪ ದೊಡ್ಡದಾಯಿತು. ಮೂಗುತಿಯ ಜಾಗಕ್ಕೆ ಒಂದು ಲವಂಗ ಚುಚ್ಚಿದಳು. ಕೊರಳಿಗೆ ಅರಿಶಿನದ ಕೊಂಬು ಕಟ್ಟಿದಳು. ಅಷ್ಟು ಜೀವ ಇರುವ ಲಕ್ಷ್ಮಿಯನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಸಂಜೆ ಅಮ್ಮ ಎಂದಿನಂತೆ ಕುಂಕುಮಕ್ಕೆ ಕರೆಯಲು ಹೊರಟಳು. ಈ ವರ್ಷ ಬೇಡ, ಕೊಡುವುದಕ್ಕೆ ಏನಿದೆ ಅಂತ ಅಪ್ಪ ಮೆಲ್ಲಗೆ ಹೇಳಿದರು. ರವಿಕೆ ಕಣ ಇರಲಿಲ್ಲ. ವೀಳ್ಯದೆಲೆ, ಅಡಿಕೆ, ಒಬ್ಬೊಬ್ಬರಿಗೆ ಒಂದು ಬಾಳೆಹಣ್ಣು ಇತ್ತು. ಅಮ್ಮ ಕೇಳಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಬೀದಿಯ ಈ ಕಡೆಯ ಮನೆಗಳನ್ನೆಲ್ಲ ಮುಗಿಸಿ, ಎದುರು ಸಾಲಿನ ಕೊನೆಯ ಮನೆಯ ಮುಂದೆ ನಿಂತಳು. ಅಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹಬ್ಬದ ದಿನ ಆ ಮನೆಯ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಅವರೂ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು.

"ನಾನು ಬರಬಾರದು ಕಣಮ್ಮ ಇವತ್ತು" ಅಂದರು ಅಜ್ಜಿ.

"ಲಕ್ಷ್ಮಿ ಬಂದಿರೋ ಮನೆಗೆ ನೀವು ಬರಬಾರದು ಅಂದ್ರೆ ಹೇಗಜ್ಜಿ? ಬನ್ನಿ" ಅಂದಳು ಅಮ್ಮ.

ಅವರು ಬಂದರು. ಗೋಡೆಯ ಪಕ್ಕ ಮೂಲೆಯಲ್ಲಿ ಕೂತರು. ಬಂದಿದ್ದ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಆರತಿಯ ಹೊತ್ತಿಗೆ ಹಾಡು ಶುರುವಾಯಿತು. ಯಾರಿಗೂ ಎರಡನೇ ನುಡಿಯಿಂದ ಮುಂದಕ್ಕೆ ಬರುತ್ತಿರಲಿಲ್ಲ. ಪ್ರತಿ ವರ್ಷವೂ ಹಾಗೇ, ಅಲ್ಲಿಗೆ ಬಂದು ಗುನುಗುತ್ತ ನಿಲ್ಲಿಸಿಬಿಡುತ್ತಿದ್ದರು. ಆ ದಿನ ಮೂಲೆಯಿಂದ ಮೂರನೇ ನುಡಿ ಕೇಳಿಸಿತು. ನಾಲ್ಕನೆಯದೂ ಬಂತು. ತುಸು ಒಡೆದ ಧ್ವನಿ, ಆದರೆ ಶ್ರುತಿ ತಪ್ಪಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡಿದರು. ಅಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ನಿಲ್ಲಲೇ ಇಲ್ಲ. ಮಾರನೇ ದಿನದಿಂದ ಅಮ್ಮ ಅವರ ಮನೆಗೆ ಹೋಗಿ ಆ ಹಾಡು ಕಲಿತಳು. ಆಮೇಲೆ ಇನ್ನೂ ಹಲವು ಹಾಡು ಕಲಿತಳು.

ಬಂಗಾರ ಬಿಡಿಸಿಕೊಂಡು ಬರಲು ನಾಲ್ಕು ವರ್ಷ ಹಿಡಿಯಿತು. ಬೆಳ್ಳಿ ಮುಖ ಬರಲೇ ಇಲ್ಲ.

ಬಡತನ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಆ ವರ್ಷ ಅಮ್ಮ ಉಪವಾಸ ಜಾಸ್ತಿ ಮಾಡುತ್ತಿದ್ದಳು. ಸೋಮವಾರ, ಗುರುವಾರ, ಶನಿವಾರ. ಅದು ವ್ರತವಾಗಿರಲಿಲ್ಲ ಅಂತ ನನಗೆ ಹೊಳೆದದ್ದು ನನ್ನದೇ ಸಂಸಾರ ಶುರುವಾದ ಮೇಲೆ. ಆದ್ದರಿಂದ ದೇವಿಯ ಮುಂದೆ ನಿಂತು ಹಣ ಕೊಡು ತಾಯಿ ಅಂತ ಕೇಳುವವರನ್ನು ನಾನು ಹಗುರವಾಗಿ ಕಾಣಲಾರೆ. ಶ್ರೀಸೂಕ್ತವೇ ಶುರುವಾಗುವುದು ದೇವಿಯ ಬಂಗಾರದ ಬಣ್ಣದಿಂದ. ಬಂಗಾರ, ಹಸು, ಕುದುರೆ, ಜನ ಎಲ್ಲವನ್ನೂ ಅದು ಬಾಯಿ ಬಿಟ್ಟು ಕೇಳುತ್ತದೆ.

ಆದರೆ ಅದೇ ಸೂಕ್ತದ ನಡುವೆ ಬರುವ ಕೆಲವು ಮಾತುಗಳು ಅರ್ಥವಾದ ದಿನ ನಾನು ಕೂತಲ್ಲೇ ಕೂತುಬಿಟ್ಟೆ. ದೇವಿಯನ್ನು ಅಲ್ಲಿ 'ಕರೀಷಿಣೀ' ಅಂತ ಕರೆಯುತ್ತಾರೆ. ಕರೀಷ ಅಂದರೆ ಒಣ ಸಗಣಿ. ಅವಳ ಮಕ್ಕಳ ಹೆಸರು ಕರ್ದಮ ಮತ್ತು ಚಿಕ್ಲೀತ. ಕರ್ದಮ ಅಂದರೆ ಕೆಸರು. ಚಿಕ್ಲೀತ ಅಂದರೆ ತೇವ. ಕರ್ದಮನನ್ನು ಕರೆದು, ನಿನ್ನ ತಾಯಿಯನ್ನು ನಮ್ಮ ಮನೆಯಲ್ಲಿ ಇರಿಸು ಅಂತ ಬೇಡಿಕೊಳ್ಳುತ್ತಾರೆ. ಸಗಣಿ, ಕೆಸರು, ತೇವ. ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ಗೊಬ್ಬರ ಇದೆ, ಗದ್ದೆಯಲ್ಲಿ ನೀರು ನಿಂತಿದೆ, ಕಾಲು ಹೂಳುವಷ್ಟು ಕೆಸರಿದೆ ಅಂದರೆ ಆ ವರ್ಷ ಅನ್ನ ಇದೆ. ಇನ್ನು ಅಲಕ್ಷ್ಮಿ, ಲಕ್ಷ್ಮಿಯ ಅಕ್ಕ ಜ್ಯೇಷ್ಠೆ. ಅವಳನ್ನು ದೂರ ಮಾಡು ಅಂತ ಕೇಳುವಾಗ ಸೂಕ್ತ ಅವಳ ಗುರುತನ್ನೂ ಹೇಳುತ್ತದೆ. ಹಸಿವು, ಬಾಯಾರಿಕೆ, ಕೊಳೆ. ಒಡವೆ ಇಲ್ಲದವಳು ಅಂತ ಹೇಳುವುದಿಲ್ಲ.

ಹಾಗಾದರೆ ಪಕ್ಕದ ಮನೆಯಲ್ಲಿ ಒಬ್ಬರು ಹಸಿದಿದ್ದರೆ ಅಲಕ್ಷ್ಮಿ ಇರುವುದು ಅವರ ಮನೆಯಲ್ಲಿ ಮಾತ್ರವೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗ ಹಬ್ಬ ಬಂತು ಅಂದರೆ ಕಲಶದ ಹಿಂದೆ ಹೊಸ ನೋಟುಗಳನ್ನು ಬೀಸಣಿಗೆಯ ಹಾಗೆ ಮಡಚಿ ಜೋಡಿಸುತ್ತಾರೆ. ಶ್ರದ್ಧೆಯಿಂದಲೇ ಮಾಡುತ್ತಾರೆ, ದೂರುವುದಿಲ್ಲ. ಆದರೆ ಅಲ್ಲಿ ನನ್ನ ಕಣ್ಣು ಹುಡುಕುವುದು ಆ ಲವಂಗದ ಮೂಗುತಿಯನ್ನು.

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಗೆ ಹೋಗಿದ್ದೆ. ಕೆರೆಯ ಪಕ್ಕ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ. ವಿಷ್ಣುವರ್ಧನ ಆಳುತ್ತಿದ್ದಾಗ, 1113ರ ಸುಮಾರಿಗೆ ಕಟ್ಟಿದ್ದು. ಕಟ್ಟಿಸಿದವನು ರಾಜನಲ್ಲ, ಒಬ್ಬ ವ್ಯಾಪಾರಿ, ಕುಲ್ಲಹಣ ರಾಹುತ. ಜೊತೆಗೆ ಅವನ ಹೆಂಡತಿ ಸಹಜಾದೇವಿ. ಒಂದೇ ಮಂಟಪಕ್ಕೆ ನಾಲ್ಕು ಗರ್ಭಗುಡಿ. ಒಂದರಲ್ಲಿ ಲಕ್ಷ್ಮಿ. ಇನ್ನೊಂದು ಕಾಳಿಯದು. ಆ ಕಾಳಿಯ ಗುಡಿಯ ಬಾಗಿಲ ಎರಡೂ ಬದಿಗೆ ಬೇತಾಳಗಳು ನಿಂತಿವೆ. ಬರೀ ಎಲುಬು. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಲಕ್ಷ್ಮಿಗೆ ಕೈಮುಗಿದು ಅಲ್ಲೇ ನಾಲ್ಕು ಹೆಜ್ಜೆ ಹಾಕಿದರೆ ಇದು ಎದುರಾಗುತ್ತದೆ. ನಾನು ಬೆಚ್ಚಿದೆ. ಅಮ್ಮ ಬೆಚ್ಚಲಿಲ್ಲ. ಬಹಳ ಹೊತ್ತು ನೋಡುತ್ತ ನಿಂತು, "ಇಬ್ಬರನ್ನೂ ಒಂದೇ ಮನೇಲಿ ಇಟ್ಟಿದ್ದಾರಲ್ಲ, ಒಳ್ಳೇದೇ ಮಾಡಿದ್ದಾರೆ" ಅಂದಳು. ನನಗೆ ಸಹಜಾದೇವಿಯ ಯೋಚನೆ ಬಂತು. ಅವಳ ಮನೆ ಯಾವ ಕಡೆ ಇತ್ತೋ, ಎಷ್ಟು ದೊಡ್ಡದಿತ್ತೋ. ಒಂಬೈನೂರು ವರ್ಷದ ಮೇಲೆ ನನ್ನ ಅಮ್ಮ ಬಿಸಿಲಿಗೆ ದಣಿದು ಕೂತದ್ದು ಅವಳು ಹತ್ತು ಜನರಿಗೆ ಅಂತ ಕಟ್ಟಿಸಿದ ಕಲ್ಲಿನ ನೆರಳಲ್ಲಿ.

ಎರಡು ವರ್ಷದ ಹಿಂದೆ ಕಥೆಯಲ್ಲಿ ತಡೆದು ನಿಂತೆ ಅಂದೆನಲ್ಲ, ಅದು ಅಪ್ಪ ಹೋದ ಮೇಲೆ ಬಂದ ಮೊದಲ ಹಬ್ಬ. ಅಮ್ಮ ನಮ್ಮ ಫ್ಲ್ಯಾಟಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕಲಶ ಇಟ್ಟು, ಹೂವು ಬಿಡಿಸಿ, ದಾರಕ್ಕೆ ಒಂಬತ್ತು ಗಂಟು ಹಾಕಿ ಎಲ್ಲ ಅವಳೇ ಸಿದ್ಧ ಮಾಡಿದ್ದಳು. ಪೂಜೆಗೆ ಕೂರುವ ಹೊತ್ತಿಗೆ ಕಾಣಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. "ನೀನು ಮಾಡಮ್ಮ, ನಾನು ಇಲ್ಲಿಂದಲೇ ಕೇಳಿಸ್ಕೋತೀನಿ" ಅಂದಳು.

ನನಗೆ ಬೇರೆ ಮಾತು ಬರಲಿಲ್ಲ. ಅವಳ ಮಾತನ್ನೇ ಅವಳಿಗೆ ಹೇಳಿದೆ. ಲಕ್ಷ್ಮಿ ಬಂದಿರೋ ಮನೆಗೆ ನೀನು ಬರಬಾರದು ಅಂದ್ರೆ ಹೇಗಮ್ಮ? ಬಾ.

ಅವಳ ಮುಖದಲ್ಲಿ ಆ ಅಜ್ಜಿ ಹಾದುಹೋದರು. ಬಂದು ಮೂಲೆಯಲ್ಲಿ ಕೂರಲು ಹೋದಳು. ಕೈ ಹಿಡಿದು ಕಲಶದ ಎದುರಿಗೇ ಕೂರಿಸಿದೆ. ಪುಸ್ತಕ ತೆಗೆದು ಓದುತ್ತ ಹೋದೆ. 'ಚಾರುಮತಿಯು ತನ್ನ ಕನಸನ್ನು ಎಲ್ಲರಿಗೂ ಹೇಳಿದಳು' ಅನ್ನುವಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಆರತಿಗೆ ಅಮ್ಮ ಹಾಡಿದಳು, ಮೂರನೇ ನುಡಿ, ನಾಲ್ಕನೇ ನುಡಿ, ಪೂರ್ತಿ. ಈಗ ನನ್ನ ಮಗಳಿಗೂ ಬರುತ್ತದೆ.

ನಾಳೆ ಮತ್ತೆ ಹಬ್ಬ. ತಾಂಬೂಲದ ಎಲೆ ಒರೆಸಿ ಜೋಡಿಸುತ್ತ ಕೂತಿದ್ದೇನೆ. ನಮ್ಮ ಮಹಡಿಯಲ್ಲಿ ಆರು ಮನೆ. ಎದುರಿನ ಮನೆಗೆ ಒಬ್ಬರು ಬಂದು ಮೂರು ವರ್ಷವಾಯಿತು. ಲಿಫ್ಟಿನಲ್ಲಿ ತಲೆಯಾಡಿಸುತ್ತೇವೆ, ಅಷ್ಟೇ. ಒಬ್ಬರೇ ಇದ್ದಾರೆ. ಹಣೆಗೆ ಇಟ್ಟುಕೊಳ್ಳುತ್ತಾರೋ ಇಲ್ಲವೋ, ನಮ್ಮ ಹಬ್ಬ ಅವರಿಗೆ ಉಂಟೋ ಇಲ್ಲವೋ, ಹೆಸರೇನೋ, ಏನೂ ಕೇಳಿಲ್ಲ. ನೆಲ ಒರೆಸಲು ಬರುವ ಹುಡುಗಿಯನ್ನೂ ಒಮ್ಮೆಯೂ ಕೂರಿಸಿ ಕುಂಕುಮ ಕೊಟ್ಟಿಲ್ಲ. ಬಾಗಿಲಲ್ಲೇ ಪ್ರಸಾದದ ಪೊಟ್ಟಣ ಕೊಟ್ಟು ಕಳಿಸಿದ್ದೇನೆ. ಈ ಸಲ ಇಬ್ಬರನ್ನೂ ಕರೆಯಬೇಕು ಅಂತ ಅಮ್ಮನಿಗೆ ಹೇಳಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ದಾರಕ್ಕೆ ಗಂಟು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಹಾಗಾದ್ರೆ ಹೂವು ಸಾಲಲ್ಲ. ಹೋಗಿ ಇನ್ನೆರಡು ಮೊಳ ತಗೊಂಡು ಬಾ."