ಗಪ್ಪಿಯ ಬಳಗದ ಬೇಟೆಗಾರ

ಮರಿ ಹಾಕುವ ಮೀನು ಎಂದರೆ ಮಂಗಳೂರಿನವರಿಗೆ ಮೊದಲು ನೆನಪಾಗುವುದು ಗಪ್ಪಿ. ಸೊಳ್ಳೆಯ ಲಾರ್ವಾಗಳನ್ನು ತಿನ್ನಲೆಂದು ಬಾವಿಗೂ ತೊಟ್ಟಿಗೂ ಬಿಡುವ ಆ ಪುಟ್ಟ ಮೀನಿನ ಕುಟುಂಬದಲ್ಲಿಯೇ, ಗಪ್ಪಿಯಂಥ ಮೀನುಗಳನ್ನು ನುಂಗಿ ಬದುಕುವ ಇನ್ನೊಂದು ಮೀನಿದೆ. ವಿಜ್ಞಾನಿಗಳು ಅದನ್ನು ಬೆಲೊನೆಸಾಕ್ಸ್ ಬೆಲಿಜಾನಸ್ ಎಂದೂ, ಅಕ್ವೇರಿಯಂ ಹವ್ಯಾಸಿಗಳು ಪೈಕ್ ಲೈವ್‌ಬೇರರ್ ಎಂದೂ ಕರೆಯುತ್ತಾರೆ. ಮೆಕ್ಸಿಕೋದಿಂದ ಕೋಸ್ಟರಿಕಾದವರೆಗೆ, ಅಟ್ಲಾಂಟಿಕ್ ಕಡೆಯ ಗಿಡಗಂಟಿ ತುಂಬಿದ ನಿಧಾನ ನೀರು ಇದರ ತವರು. ಹೆಣ್ಣು 15ರಿಂದ 20 ಸೆಂಟಿಮೀಟರ್ ಬೆಳೆದರೆ ಗಂಡು ಸುಮಾರು ಅದರ ಅರ್ಧದಷ್ಟೇ ಇರುತ್ತದೆ.

ಮೂರು ವರ್ಷಗಳಿಂದ ನನ್ನ ಮನೆಯ ನಾಲ್ಕು ಅಡಿ ಉದ್ದದ ಟ್ಯಾಂಕಿನಲ್ಲಿ ಈ ಮೀನುಗಳಿವೆ. ಬಕಧ್ಯಾನ ಎಂಬ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಇವುಗಳನ್ನು ನೋಡಿದ ಮೇಲೆಯೇ. ಅಂತರಗಂಗೆಯ ಬೇರುಗಳ ನಡುವೆ ಹೆಣ್ಣು ಕಡ್ಡಿಯ ಹಾಗೆ ನಿಂತಿರುತ್ತದೆ. ಎದೆಯ ರೆಕ್ಕೆಗಳು ಮಾತ್ರ ಸಣ್ಣಗೆ ಅಲುಗುತ್ತಿರುತ್ತವೆ. ಬೇಟೆ ಹತ್ತಿರ ಬಂದೊಡನೆ ಮೈಯನ್ನು ತುಸು ಬಾಗಿಸಿ ಒಮ್ಮೆಗೇ ಮುನ್ನುಗ್ಗುತ್ತದೆ. ಆಗ ಮೇಲ್ದವಡೆ ಮೇಲಕ್ಕೆ ಎದ್ದು, ಸೂಜಿಯಂಥ ಹಲ್ಲುಗಳ ಸಾಲುಗಳು ಕ್ಷಣಮಾತ್ರ ಕಾಣುತ್ತವೆ.

ಇವುಗಳಿಗೆ ಗಡಸಾದ, ಕ್ಷಾರೀಯ ನೀರು ಬೇಕು. ಸ್ವಲ್ಪ ಉಪ್ಪಿದ್ದರೂ ತಡೆದುಕೊಳ್ಳುತ್ತವೆ. ಆದರೆ ನಮ್ಮ ಕೆಂಪುಕಲ್ಲಿನ ನೆಲದ ಬಾವಿನೀರು ತೀರ ಮೆದು, ಹುಳಿಯ ಕಡೆಗೇ ವಾಲಿದ್ದು. ಮಾರುಕಟ್ಟೆಯಿಂದ ತಂದ ಮರುವಾಯಿಯ ಚಿಪ್ಪುಗಳನ್ನು ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟೆ. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ಎರಡು ವಾರಗಳಲ್ಲಿ ನೀರಿನ ಪಿಎಚ್ 6ರಿಂದ 7.5ಕ್ಕೆ ಏರಿತು. ನಮ್ಮ ಕರಾವಳಿಯ ಸೆಕೆಯಲ್ಲಿ ಹೀಟರ್ ಬೇಕಾಗುವುದಿಲ್ಲ. ಮುಚ್ಚಳ ಮಾತ್ರ ಬೇಕೇ ಬೇಕು, ಏಕೆಂದರೆ ಇವು ನೆಗೆಯುತ್ತವೆ.

ಆಹಾರದ ವಿಷಯವೇ ಕಷ್ಟದ್ದು. ಚಲಿಸದ ವಸ್ತುವನ್ನು ಈ ಮೀನು ಆಹಾರವೆಂದೇ ಗುರುತಿಸುವುದಿಲ್ಲ. ಅಂಗಡಿಯ ಗಪ್ಪಿಗಳನ್ನೇ ನಿತ್ಯ ಕೊಟ್ಟರೆ ಅವುಗಳೊಂದಿಗೆ ರೋಗವೂ ಒಳಗೆ ಬರುತ್ತದೆ. ಆದ್ದರಿಂದ ಹಿಡಿಸೂಡಿಯ ಒಂದು ಕಡ್ಡಿಯ ತುದಿಗೆ ಸಿಪ್ಪೆ ಸುಲಿದ ಸಿಗಡಿಯ ಚೂರನ್ನು ಚುಚ್ಚಿ, ನೀರಿನಲ್ಲಿ ಮೀನಿನಂತೆ ಆಡಿಸತೊಡಗಿದೆ. ಹನ್ನೊಂದು ದಿನ ಹೆಣ್ಣು ತಿರುಗಿಯೂ ನೋಡಲಿಲ್ಲ. ಹನ್ನೆರಡನೆಯ ದಿನ ಕಡ್ಡಿಯ ತುದಿಯನ್ನೂ ಸೇರಿಸಿ ಕಚ್ಚಿತು. ಈಗ ಸಿಗಡಿ, ಎರೆಹುಳು ಎರಡನ್ನೂ ತಿನ್ನುತ್ತದೆ. ಬೂತಾಯಿಯಂಥ ಎಣ್ಣೆಯ ಮೀನು ಬೇಡ, ನೀರಿನ ಮೇಲೆ ಜಿಡ್ಡು ಕಟ್ಟುತ್ತದೆ.

ಒಂದು ತಪ್ಪನ್ನು ಹೇಳಲೇಬೇಕು. ಮೊದಲ ವರ್ಷ ಮದುವೆಯೊಂದಕ್ಕೆಂದು ಉಡುಪಿಗೆ ಹೋಗಿ ಮೂರು ದಿನ ಆಹಾರ ಹಾಕದೆ ಉಳಿದೆ. ಮರಳಿ ಬಂದಾಗ ಗಂಡು ಇರಲಿಲ್ಲ, ಹೆಣ್ಣಿನ ಹೊಟ್ಟೆ ಉಬ್ಬಿತ್ತು. ಹಸಿದ ಹೆಣ್ಣು ಗಂಡನ್ನೇ ನುಂಗುತ್ತದೆ ಎಂದು ಓದಿಯೂ ಜೋಡಿಯನ್ನು ಒಟ್ಟಿಗೆ ಬಿಟ್ಟದ್ದು ನನ್ನದೇ ಅಲಕ್ಷ್ಯ. ಇಂದಿಗೂ ಆ ನೋವು ಇದೆ. ಈಗ ಊರಿಗೆ ಹೋಗುವಾಗ ನಡುವೆ ಗಾಜಿನ ತಡೆ ಇಡುತ್ತೇನೆ. ಹುಟ್ಟುವಾಗಲೇ ಸುಮಾರು 2.5 ಸೆಂಟಿಮೀಟರ್ ಇರುವ ಮರಿಗಳೂ ಒಂದನ್ನೊಂದು ತಿನ್ನುವುದರಿಂದ, ಗಾತ್ರ ನೋಡಿ ಬೇರೆ ಬೇರೆ ಮಾಡಬೇಕಾಗುತ್ತದೆ.

ಕಳೆದ ಮಳೆಗಾಲಕ್ಕೆ ಮುಂಚೆ ಪರಿಚಯದ ಕೃಷಿಕರೊಬ್ಬರು ಅಡಿಕೆ ತೋಟದ ಕೆರೆಗೆ ಬಿಡಲು ನಾಲ್ಕು ಮರಿಗಳನ್ನು ಕೇಳಿದರು. ನಾನು ಅವರಿಗೆ ಅಮೆರಿಕದ ಫ್ಲಾರಿಡಾದ ಕಥೆ ಹೇಳಿದೆ: ಅಲ್ಲಿ 1957ರಲ್ಲಿ, ಸಂಶೋಧನೆಗೆ ತಂದು ಉಳಿದಿದ್ದ ಇದೇ ಮೀನುಗಳನ್ನು ಮಿಯಾಮಿಯ ಬಳಿಯ ಕಾಲುವೆಗೆ ಬಿಟ್ಟರು, ಅವು ನೆಲೆಯೂರಿ ಹರಡಿ, ಆ ನೀರಿನ ಸಣ್ಣ ಮೀನುಗಳನ್ನು ತಿಂದು ಕಡಿಮೆ ಮಾಡಿದವು. ನಮ್ಮಲ್ಲಿ ಆಟಿಯ ಮಳೆಗೆ ಕೆರೆ ತುಂಬಿದರೆ ನೀರು ತೋಡಿಗೆ, ತೋಡಿನಿಂದ ಫಲ್ಗುಣಿ ನದಿಗೆ ಸೇರುತ್ತದೆ. ಅಳಿವೆಯ ಸವಳು ನೀರೂ ಈ ಮೀನಿಗೆ ಒಗ್ಗುವಂಥದ್ದೇ. ಅವರು ಸ್ವಲ್ಪ ಬೇಸರಪಟ್ಟುಕೊಂಡರು. ನಾನು ಮರಿಗಳನ್ನು ಕೊಡಲಿಲ್ಲ.